ಮೆಟಲ್ ಕೇಳುವ ಕಿವಿಗೆ ವಯಸ್ಸಾದಾಗ

(ಸಂಗೀತಾಸಕ್ತರ ಸಭೆಯೊಂದರಲ್ಲಿ ಆಡಿದ ಮಾತುಗಳನ್ನು ತುಸು ತಿದ್ದಿ ಬರೆದದ್ದು. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ನಲವತ್ತು ದಾಟಿದ ಮೆಟಲ್ (ಹೆವಿ ಮೆಟಲ್, ರಾಕ್ ಸಂಗೀತದ ಗಡುಸು ಕವಲು) ಕೇಳುಗರಿಗೆ ಒಂದು ಪ್ರಶ್ನೆ ತಪ್ಪಿದ್ದಲ್ಲ. ‘ಇನ್ನೂ ಅದನ್ನೇ ಕೇಳ್ತೀರಾ?’ ಕೇಳುವವರ ದನಿಯಲ್ಲಿ ಸಿಟ್ಟೇನೂ ಇರುವುದಿಲ್ಲ, ಒಂದು ಬಗೆಯ ಕನಿಕರ ಇರುತ್ತದೆ. ಮೊಡವೆ ಹೋಗಿ ಎಷ್ಟೋ ವರ್ಷವಾದ ಮೇಲೂ ಮೊಡವೆಯ ಮುಲಾಮು ಹಚ್ಚಿಕೊಳ್ಳುತ್ತಿರುವವನನ್ನು ನೋಡಿದ ಹಾಗೆ. ಜಾಝ್ ಕೇಳುವವರನ್ನೋ ಶಾಸ್ತ್ರೀಯ ಸಂಗೀತ ಕೇಳುವವರನ್ನೋ ಯಾರೂ ಹೀಗೆ ವಿಚಾರಿಸುವುದಿಲ್ಲ. ಅವುಗಳಿಗೆ ವಯಸ್ಸು ಒಪ್ಪುತ್ತದೆ ಎಂದು ಎಲ್ಲರೂ ನಂಬಿದ್ದಾರೆ. ಮೆಟಲ್ ಮಾತ್ರ ಹರೆಯಕ್ಕೆ ಬರುವ ಜ್ವರ, ತಾನಾಗಿ ಇಳಿಯಬೇಕು ಎಂಬ ಲೆಕ್ಕಾಚಾರ.

ಈ ಲೆಕ್ಕಾಚಾರ ಪೂರ್ತಿ ತಪ್ಪು ಎಂದು ವಾದಿಸಲು ನಾನು ಬಂದಿಲ್ಲ. ವಯಸ್ಸಾದಂತೆ ಕಿವಿ ಬದಲಾಗುತ್ತದೆ, ಕತ್ತು ಬದಲಾಗುತ್ತದೆ, ಸಿಟ್ಟಿನ ಸ್ವಭಾವವೂ ಬದಲಾಗುತ್ತದೆ. ಅಭಿರುಚಿ ಮಾತ್ರ ಹೇಗೆ ಇದ್ದಲ್ಲೇ ಇದ್ದೀತು? ನನ್ನ ತಕರಾರು ಇರುವುದು ಅದು ಯಾವ ಕಡೆಗೆ ಹೊರಳುತ್ತದೆ ಎಂಬುದರ ಬಗ್ಗೆ. ಗಡುಸಿನಿಂದ ಮೆದುವಿನ ಕಡೆಗೆ ಎಂದು ಸಾಮಾನ್ಯವಾಗಿ ಅಂದುಕೊಳ್ಳುತ್ತಾರೆ. ನಾನು ನನ್ನಲ್ಲಿ, ನನ್ನ ಓರಗೆಯ ಕೇಳುಗರಲ್ಲಿ ಕಂಡಿರುವುದು ಬೇರೆ. ಅದು ವೇಗದಿಂದ ಭಾರದ ಕಡೆಗೆ ಹೊರಳುತ್ತದೆ.

ಮೊದಲು ಸಂಶೋಧನೆಯ ವಿಷಯ ಮುಗಿಸಿಬಿಡೋಣ. 1989ರಲ್ಲಿ ಮಾರಿಸ್ ಹಾಲ್‌ಬ್ರೂಕ್ ಮತ್ತು ರಾಬರ್ಟ್ ಶಿಂಡ್ಲರ್ ಎಂಬಿಬ್ಬರು ಬೇರೆಬೇರೆ ದಶಕಗಳ ಜನಪ್ರಿಯ ಹಾಡುಗಳ ತುಣುಕುಗಳನ್ನು ಬೇರೆಬೇರೆ ವಯಸ್ಸಿನವರಿಗೆ ಕೇಳಿಸಿ ಅಂಕ ಕೊಡಿಸಿದರು. ಸರಾಸರಿ ತೆಗೆದರೆ, ಜನರಿಗೆ ಹೆಚ್ಚು ಹಿಡಿಸಿದ್ದು ತಮಗೆ 23-24 ವರ್ಷವಾಗಿದ್ದಾಗ ಚಾಲ್ತಿಯಲ್ಲಿದ್ದ ಹಾಡುಗಳು. 2013ರಲ್ಲಿ ಕೇಂಬ್ರಿಜ್‌ನ ಏರಿಯಲ್ ಬಾನ್ವಿಲ್-ರೂಸಿ, ಜೇಸನ್ ರೆಂಟ್‌ಫ್ರೋ ಮತ್ತು ಸಂಗಡಿಗರು ಎರಡೂವರೆ ಲಕ್ಷಕ್ಕೂ ಹೆಚ್ಚು ಜನರ ಉತ್ತರಗಳನ್ನು ಇಟ್ಟುಕೊಂಡು ಒಂದು ದೊಡ್ಡ ಅಧ್ಯಯನ ಪ್ರಕಟಿಸಿದರು. ಪಂಕ್, ಮೆಟಲ್‌ನಂಥ ತೀವ್ರ ಸಂಗೀತದ ಒಲವು ಹದಿಹರೆಯದಲ್ಲಿ ತುದಿ ಮುಟ್ಟಿ ಆಮೇಲೆ ಇಳಿಯುತ್ತಾ ಹೋಗುತ್ತದೆ, ನಡುವಯಸ್ಸಿನಲ್ಲಿ ಜಾಝ್, ಶಾಸ್ತ್ರೀಯ, ಕಂಟ್ರಿಯಂಥವು ಮೇಲೆ ಬರುತ್ತವೆ ಎಂದು ಅದು ತೋರಿಸಿತು.

ಸರಿ, ಹಾಗಾದರೆ ಎದ್ದು ಮನೆಗೆ ಹೋಗಬಹುದು ಅನ್ನಿಸುತ್ತದೆ. ಸ್ವಲ್ಪ ತಾಳಿ. ಆ ಅಧ್ಯಯನ ಒಬ್ಬನೇ ಮನುಷ್ಯನನ್ನು 15ರಿಂದ 65ರವರೆಗೆ ಬೆನ್ನುಹತ್ತಿ ಕೇಳಿದ್ದಲ್ಲ. ಒಂದೇ ಕಾಲದಲ್ಲಿ ಬದುಕಿದ್ದ ಬೇರೆಬೇರೆ ವಯಸ್ಸಿನವರನ್ನು ಅಕ್ಕಪಕ್ಕ ನಿಲ್ಲಿಸಿ ಹೋಲಿಸಿದ್ದು. 2013ರಲ್ಲಿ 65 ವರ್ಷವಾಗಿದ್ದವರು ಹುಟ್ಟಿದ್ದು 1948ರಲ್ಲಿ. ಮೆಟಾಲಿಕಾ ಬ್ಯಾಂಡಿನ ಮೊದಲ ಆಲ್ಬಮ್ 1983ರಲ್ಲಿ ಬಂದಾಗ ಅವರಿಗೆ 35. ಅಂದರೆ ಥ್ರ್ಯಾಶ್ ಮೆಟಲ್ ಎಂಬ ಅತಿವೇಗದ ಕವಲು ಅವರ ಹರೆಯದಲ್ಲಿ ಇರಲೇ ಇಲ್ಲ. ಅವರಿಗೆ ಮೆಟಲ್ ಹಿಡಿಸದಿರುವುದು ವಯಸ್ಸಾದದ್ದಕ್ಕೋ, ಬೇರೆ ಕಾಲದಲ್ಲಿ ಬೆಳೆದದ್ದಕ್ಕೋ? ಒಂದೇ ಹೊತ್ತಿನಲ್ಲಿ ತೆಗೆದ ಚಿತ್ರದಿಂದ ಇದನ್ನು ಬಿಡಿಸಲಾಗದು.

ಇಲ್ಲಿ ನಾವು ಮರೆಯುವ ಸರಳ ಸಂಗತಿ ಒಂದಿದೆ. ಈ ಸಂಗೀತಕ್ಕೇ ಈಗ ಮೊದಲ ಸಲ ವಯಸ್ಸಾಗುತ್ತಿದೆ. ಮೆಟಲ್‌ಗೆ ನಾಂದಿ ಹಾಡಿದ ಬ್ಲ್ಯಾಕ್ ಸಬ್ಬತ್ ಬ್ಯಾಂಡಿನ ಮೊದಲ ಆಲ್ಬಮ್ ಬಂದದ್ದು 1970ರ ಫೆಬ್ರವರಿ 13ರಂದು. ಹದಿನೈದರಲ್ಲಿ ಅದನ್ನು ಕೊಂಡವರು ಎಪ್ಪತ್ತು ಮುಟ್ಟಿದ್ದು ತೀರಾ ಈಚೆಗೆ. ಹರೆಯದಿಂದ ಮುಪ್ಪಿನವರೆಗೆ ಮೆಟಲ್ ಕೇಳುತ್ತಾ ಬಂದ ಮನುಷ್ಯ ಹೇಗಿರುತ್ತಾನೆ ಎಂದು ಮೊನ್ನೆಮೊನ್ನೆಯವರೆಗೆ ಯಾರಿಗೂ ಗೊತ್ತಿರಲಿಲ್ಲ, ಯಾಕೆಂದರೆ ಅಂಥವನು ಇರಲಿಲ್ಲ. 2025ರ ಜುಲೈ 5ರಂದು ಬರ್ಮಿಂಗ್‌ಹ್ಯಾಮ್‌ನ ವಿಲ್ಲಾ ಪಾರ್ಕ್ ಮೈದಾನದಲ್ಲಿ ಸಬ್ಬತ್‌ನ ಮೂಲ ನಾಲ್ವರೂ ಕೊನೆಯ ಸಲ ಒಟ್ಟಿಗೆ ನುಡಿಸಿದರು. ಪಾರ್ಕಿನ್‌ಸನ್ಸ್ ಕಾಯಿಲೆಯಿಂದ ಬಳಲುತ್ತಿದ್ದ ಆಜಿ ಆಸ್ಬೋರ್ನ್ ಸಿಂಹಾಸನದಂಥ ಕುರ್ಚಿಯಲ್ಲಿ ಕೂತೇ ಹಾಡಿದರು. 17 ದಿನಗಳ ನಂತರ, 76ನೆಯ ವಯಸ್ಸಿನಲ್ಲಿ, ತೀರಿಕೊಂಡರು. ಜೂಡಾಸ್ ಪ್ರೀಸ್ಟ್‌ನ ರಾಬ್ ಹ್ಯಾಲ್‌ಫೋರ್ಡ್ 2024ರ ‘ಇನ್‌ವಿನ್ಸಿಬಲ್ ಶೀಲ್ಡ್’ ಆಲ್ಬಮಿನಲ್ಲಿ ತಾರಸ್ಥಾಯಿಗೆ ಏರುವಾಗ ಅವರಿಗೆ 72. ಹರೆಯದ ಸಂಗೀತ ಎಂಬ ಹಣೆಪಟ್ಟಿಗೆ ಹಿಂದೆ ಒಂದು ಅರ್ಥವಿತ್ತು. ಈಗ ಅದು ಬರೀ ರೂಢಿ.

ಇನ್ನು ಕಿವಿಯ ವಿಚಾರ. ಇದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ‘ಅಭಿರುಚಿ ಬದಲಾಯಿತು’ ಎಂದು ನಾವು ಹೇಳುವುದರಲ್ಲಿ ಒಂದಷ್ಟು ಪಾಲು ಬರೀ ಕಿವಿಯದ್ದು.

ಒಳಗಿವಿಯಲ್ಲಿ ಬಸವನಹುಳುವಿನ ಚಿಪ್ಪಿನಾಕಾರದ ಸುರುಳಿಯೊಂದಿದೆ. ಅದರೊಳಗಿನ ಕೂದಲುಕೋಶಗಳು ಸದ್ದನ್ನು ಹಿಡಿಯುತ್ತವೆ. ಸುರುಳಿಯ ಬಾಗಿಲಲ್ಲೇ ಇರುವವು ಎತ್ತರದ ದನಿಗಳನ್ನು, ಒಳತುದಿಯಲ್ಲಿರುವವು ಮಂದ್ರವನ್ನು. ವಯಸ್ಸಿಗೂ ಗದ್ದಲಕ್ಕೂ ಮೊದಲು ಸೋಲುವವು ಬಾಗಿಲ ಬಳಿಯವು. ಸತ್ತ ಕೋಶ ಮತ್ತೆ ಹುಟ್ಟುವುದಿಲ್ಲ. ಹೀಗಾಗಿ ವಯಸ್ಸಾದಂತೆ ಮೊದಲು ಕಳೆದುಕೊಳ್ಳುವುದು ಮೇಲಿನ ಸದ್ದುಗಳನ್ನು. ಸಿಂಬಲ್‌ನ ಚಿಮ್ಮು, ಗಿಟಾರಿನ ತಂತಿಗೆ ಮೀಟುವ ಪಿಕ್ ತಾಗುವ ಸಣ್ಣ ಕರಕರ, ಹಾಡಿನಲ್ಲಿ ಸ, ಷ, ತ ಮೊದಲಾದ ವ್ಯಂಜನಗಳ ಅಂಚು ಇವೆಲ್ಲ ಮಸುಕಾಗುತ್ತವೆ. ಮಂದ್ರ ಬಹುಪಾಲು ಉಳಿದುಕೊಳ್ಳುತ್ತದೆ.

ಅಷ್ಟೇ ಆಗಿದ್ದರೆ ಸೌಂಡ್ ಹೆಚ್ಚಿಸಿಕೊಂಡರೆ ಸಾಕಿತ್ತು. ಆದರೆ ಕೂದಲುಕೋಶ ಕಳೆದುಕೊಂಡ ಕಿವಿಗೆ ಇನ್ನೊಂದು ವಿಚಿತ್ರ ಸ್ವಭಾವ ಬರುತ್ತದೆ. ಸಣ್ಣ ಸದ್ದು ಕೇಳಿಸುವುದಿಲ್ಲ, ದೊಡ್ಡ ಸದ್ದು ಮಾತ್ರ ಮೊದಲಿನಷ್ಟೇ ದೊಡ್ಡದಾಗಿ ಬಡಿಯುತ್ತದೆ. ‘ಕೇಳಿಸ್ತಿಲ್ಲ, ಜೋರಾಗಿ ಹೇಳು’ ಎಂದ ಹಿರಿಯರೇ ಮರುಕ್ಷಣ ‘ಯಾಕೆ ಕಿರುಚ್ತೀಯ’ ಎನ್ನುವುದು ಇದೇ ಕಾರಣಕ್ಕೆ. ಸಣ್ಣದಕ್ಕೂ ದೊಡ್ಡದಕ್ಕೂ ನಡುವಿನ ಜಾಗ ಕಿರಿದಾಗುತ್ತದೆ. ಜೊತೆಗೆ ಹತ್ತಿರಹತ್ತಿರದ ದನಿಗಳನ್ನು ಬೇರೆಬೇರೆಯಾಗಿ ಬಿಡಿಸಿ ಕೇಳುವ ಶಕ್ತಿಯೂ ತಗ್ಗುತ್ತದೆ.

ಈಗ ಇದನ್ನು ಡಿಸ್ಟಾರ್ಷನ್ ಹಾಕಿ ಬೇಕೆಂದೇ ಸದ್ದು ಒಡೆಸಿದ ಗಿಟಾರಿನ ಪಕ್ಕ ಇಟ್ಟು ನೋಡಿ. ಡಿಸ್ಟಾರ್ಷನ್ ಮಾಡುವುದು ಮುಖ್ಯವಾಗಿ ಎರಡು ಕೆಲಸ. ಇಲ್ಲದ ಮೇಲ್‌ಸ್ವರಗಳನ್ನು ಹುಟ್ಟಿಸಿ ತುಂಬುತ್ತದೆ. ಸದ್ದಿನ ಏರಿಳಿತವನ್ನು ಒತ್ತಿ ಸಪಾಟು ಮಾಡುತ್ತದೆ. ಅಂಥ ಎರಡು ಗಿಟಾರು, ಡಬಲ್ ಬಾಸ್ ಡ್ರಮ್ಮು, ಮೇಲೊಂದು ಗ್ರೌಲ್ (ಗುರುಗುಟ್ಟುವ ಹಾಡುಗಾರಿಕೆ) ಸೇರಿದರೆ ಹದಿನೇಳರ ಕಿವಿ ಅದರಲ್ಲಿ ಐದಾರು ಎಳೆಗಳನ್ನು ಕೇಳುತ್ತದೆ, ಐವತ್ತರ ಕಿವಿಗೆ ಅದು ಒಂದೇ ಗೋಡೆ. ‘ಬರೀ ಗದ್ದಲ’ ಎಂದು ಹಿರಿಯರು ಹೇಳಿದಾಗ ಅವರು ಸಂಗೀತವನ್ನು ಹೀಯಾಳಿಸುತ್ತಿದ್ದಾರೆ ಎಂದು ನಾವು ಉರಿದುಬೀಳುತ್ತೇವೆ. ಎಷ್ಟೋ ಸಲ ಅವರು ತಮ್ಮ ಕಿವಿಗೆ ಬಿದ್ದದ್ದನ್ನು ಪ್ರಾಮಾಣಿಕವಾಗಿ ವರದಿ ಮಾಡುತ್ತಿರುತ್ತಾರೆ.

ನನ್ನ ವಿಷಯದಲ್ಲಿ ಇದು ಮೊದಲು ಗೊತ್ತಾದದ್ದು ಮೆಟಾಲಿಕಾದ 1988ರ ‘ಆ್ಯಂಡ್ ಜಸ್ಟಿಸ್ ಫಾರ್ ಆಲ್’ ಕೇಳುವಾಗ. ಅದರಲ್ಲಿ ಬಾಸ್ ಗಿಟಾರ್ ಇದ್ದೂ ಇಲ್ಲದಂತೆ ಮಿಕ್ಸ್ ಮಾಡಿದ್ದಾರೆ, ಈ ದೂರು ಆಲ್ಬಮಿನಷ್ಟೇ ಹಳೆಯದು. ಹರೆಯದಲ್ಲಿ ನನಗೆ ಆ ಒಣ, ಚೂಪಾದ ಸದ್ದೇ ಸೊಗಸಾಗಿತ್ತು. ಈಗ ಆ ಹಾಡುಗಳ ಕಟ್ಟಡಕ್ಕೆ ತಳಪಾಯವೇ ಇಲ್ಲ ಅನ್ನಿಸುತ್ತದೆ. ಅದೇ ಬ್ಯಾಂಡಿನ 2008ರ ‘ಡೆತ್ ಮ್ಯಾಗ್ನೆಟಿಕ್’ ಕಥೆ ಇನ್ನೂ ಸ್ವಾರಸ್ಯದ್ದು. ಸದ್ದನ್ನು ಎಷ್ಟು ಒತ್ತಿ ತುಂಬಿದ್ದರೆಂದರೆ ಅಲೆಯ ನೆತ್ತಿಯೇ ಕತ್ತರಿಸಿಹೋಗಿ ಒಡಕು ಕೇಳುತ್ತಿತ್ತು. ಗಿಟಾರ್ ಹೀರೋ ಎಂಬ ವಿಡಿಯೊ ಗೇಮಿಗೆ ಕೊಟ್ಟಿದ್ದ ಆವೃತ್ತಿಯೇ ಅದಕ್ಕಿಂತ ವಾಸಿ ಎಂದು ಅಭಿಮಾನಿಗಳೇ ಕಂಡುಹಿಡಿದು ಗಲಾಟೆ ಎಬ್ಬಿಸಿದರು. ಉಸಿರಾಡಲು ಜಾಗವಿರುವ ರೆಕಾರ್ಡಿಂಗ್ ಬೇಕು ಎಂಬ ಹಟ ವಯಸ್ಸಿನೊಂದಿಗೆ ಬಲಿಯುತ್ತದೆ ಎಂದು ನನ್ನ ಅಂದಾಜು. ಅದಕ್ಕೆ ಸುಸಂಸ್ಕೃತ ಅಭಿರುಚಿ ಎಂದು ಹೆಸರಿಟ್ಟುಕೊಂಡು ಬೀಗುತ್ತೇವೆ. ಅರ್ಧ ಕಾರಣ ಕೂದಲುಕೋಶ.

ಕತ್ತಿನ ಬಗ್ಗೆ ಎರಡೇ ಮಾತು. ಹೆಡ್‌ಬ್ಯಾಂಗಿಂಗ್‌ಗೆ, ಅಂದರೆ ತಾಳಕ್ಕೆ ಜೋರಾಗಿ ತಲೆ ತೂಗುವುದಕ್ಕೆ, ಹೇಳಿಮಾಡಿಸಿದ ಹಾಡಿನ ಸರಾಸರಿ ವೇಗ ನಿಮಿಷಕ್ಕೆ 146 ಬೀಟ್, ಆ ವೇಗದಲ್ಲಿ ತಲೆ 75 ಡಿಗ್ರಿಗಿಂತ ಹೆಚ್ಚು ತೂಗಿದರೆ ಮಿದುಳಿಗೆ ಸಣ್ಣ ಪೆಟ್ಟಾಗಬಹುದು ಎಂದು 2008ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬಂದ ಲೇಖನ ಲೆಕ್ಕ ಹಾಕಿತ್ತು. ಸ್ಲೇಯರ್ ಬ್ಯಾಂಡಿನ ಗಾಯಕ ಟಾಮ್ ಅರಾಯಾ 2010ರಲ್ಲಿ ಕತ್ತಿನ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು ತಲೆ ತೂಗುವುದನ್ನು ನಿಲ್ಲಿಸಿದರು, ಹಾಡುವುದನ್ನು ನಿಲ್ಲಿಸಲಿಲ್ಲ. ಇಂದು ದೊಡ್ಡ ಸಂಗೀತೋತ್ಸವಗಳಲ್ಲಿ ಹಿಂದುಗಡೆ ಕೈಕಟ್ಟಿ ನಿಂತು ಗಲ್ಲವನ್ನಷ್ಟೇ ಮೇಲೆಕೆಳಗೆ ಆಡಿಸುವ ಒಂದು ದೊಡ್ಡ ಸಮುದಾಯವೇ ಇದೆ. ನಾನೂ ಅದರ ಸದಸ್ಯ.

ಈಗ ಸಿಟ್ಟಿಗೆ ಬರೋಣ. ಹದಿಹರೆಯದವರು ಮೆಟಲ್ ಕೇಳಿ ಸಿಟ್ಟಿನವರಾಗುತ್ತಾರೆ ಎಂಬ ಭಯ ಹಳೆಯದು. 1985ರಲ್ಲಿ ಅಮೆರಿಕದ ಸೆನೆಟ್ ಸಮಿತಿಯ ಮುಂದೆ ವಿಚಾರಣೆಯೇ ನಡೆಯಿತು. 2015ರಲ್ಲಿ ಕ್ವೀನ್ಸ್‌ಲ್ಯಾಂಡ್ ವಿಶ್ವವಿದ್ಯಾಲಯದ ಲಿಯಾ ಶಾರ್ಮನ್ ಮತ್ತು ಜೆನೆವೀವ್ ಡಿಂಗಲ್ ಒಂದು ಚಿಕ್ಕ ಪ್ರಯೋಗ ಮಾಡಿದರು. 18ರಿಂದ 34 ವರ್ಷದ 39 ಮಂದಿ ತೀವ್ರ ಸಂಗೀತದ ಕೇಳುಗರಿಗೆ ಮೊದಲು ಸಿಟ್ಟು ಬಂದ ಪ್ರಸಂಗಗಳನ್ನು ನೆನಪಿಸಿಕೊಳ್ಳಲು ಹೇಳಿ ಕೆರಳಿಸಿದರು. ಆಮೇಲೆ ಅರ್ಧ ಜನ 10 ನಿಮಿಷ ತಮ್ಮಿಷ್ಟದ ಸಂಗೀತ ಕೇಳಿದರು, ಉಳಿದವರು ಸುಮ್ಮನೆ ಕೂತರು. ಸಂಗೀತ ಕೇಳಿದವರ ಸಿಟ್ಟು ಏರಲಿಲ್ಲ. ಸುಮ್ಮನೆ ಕೂತವರಂತೆಯೇ ಅವರ ಹಗೆತನ, ಕಿರಿಕಿರಿ ಇಳಿದವು. ಮೇಲಾಗಿ ಒಂದು ಬಗೆಯ ಹುರುಪು ಕಂಡಿತು. ಎದೆಬಡಿತ ಮಾತ್ರ ಇಳಿಯಲಿಲ್ಲ. ಸಿಟ್ಟಿಗೆ ಸರಿಹೊಂದುವ ಸಂಗೀತ ಸಿಟ್ಟಿನ ಜೊತೆ ಸ್ವಲ್ಪ ದೂರ ನಡೆದು ಅದನ್ನು ಮನೆಗೆ ಬಿಟ್ಟು ಬರುತ್ತದೆ.

ಗಮನಿಸಿ, ಅಲ್ಲಿದ್ದವರೆಲ್ಲ 34ರ ಒಳಗಿನವರು. ಐವತ್ತರ ಸಿಟ್ಟಿನ ಮೇಲೆ ಯಾರಾದರೂ ಹೀಗೆ ಪ್ರಯೋಗ ಮಾಡಬೇಕು. ಹದಿನೇಳರ ಸಿಟ್ಟಿಗೆ ವಿಳಾಸ ಇರುತ್ತದೆ. ಅಪ್ಪ, ಮೇಷ್ಟ್ರು, ಊರು, ಸರ್ಕಾರ, ದೇವರು. ಆ ವಿಳಾಸಕ್ಕೆ ಬಲವಾಗಿ ಎಸೆಯಲು ಒಂದು ವಸ್ತು ಬೇಕು, ಅದಕ್ಕೆ ವೇಗವಾದ ಹಾಡೇ ಸರಿ. ನಡುವಯಸ್ಸಿನ ಸಿಟ್ಟು ಹೆಚ್ಚಿನ ಪಾಲು ವಿಳಾಸವಿಲ್ಲದ್ದು. ನಾವೇ ಅಪ್ಪ, ನಾವೇ ಮೇಷ್ಟ್ರು. ಎಸೆಯುವುದು ಯಾರ ಮೇಲೆ? ಅಂಥ ಸಿಟ್ಟು ಹೊತ್ತುಕೊಂಡು ತಿರುಗಬೇಕಾದ್ದು, ಅದಕ್ಕೆ ಒಗ್ಗುವ ಲಯ ನಿಧಾನದ್ದು. ಮೆಟಾಲಿಕಾದ ಗಾಯಕ ಜೇಮ್ಸ್ ಹೆಟ್‌ಫೀಲ್ಡ್ 59ರ ವಯಸ್ಸಿನಲ್ಲಿ ಹೊರತಂದ ಆಲ್ಬಮಿನ ಹೆಸರು ‘72 ಸೀಸನ್ಸ್’. ವರ್ಷಕ್ಕೆ ನಾಲ್ಕು ಋತುಗಳಂತೆ ಬದುಕಿನ ಮೊದಲ 18 ವರ್ಷ. ಆ 18 ವರ್ಷಗಳ ಸಿಟ್ಟನ್ನು ಅರವತ್ತರ ಹೊಸ್ತಿಲಲ್ಲಿ ನಿಂತು ತಿರುಗಿ ನೋಡುವುದು. ಹದಿನೆಂಟರಲ್ಲೇ ಇದನ್ನು ಬರೆಯಲು ಬರುವುದಿಲ್ಲ.

ಸಾಹಿತ್ಯ ಕೇಳಿಸುವುದೂ ಬದಲಾಗುತ್ತದೆ. ಐರನ್ ಮೇಡನ್‌ನ 1982ರ ‘ಹ್ಯಾಲೋಡ್ ಬಿ ದೈ ನೇಮ್’ ಗಲ್ಲಿಗೆ ಹೊರಟ ಕೈದಿಯೊಬ್ಬನ ಕೊನೆಯ ಗಳಿಗೆಗಳ ಹಾಡು. ಬರೆದ ಸ್ಟೀವ್ ಹ್ಯಾರಿಸ್‌ಗೆ ಆಗ ಇನ್ನೂ ಇಪ್ಪತ್ತೈದು-ಇಪ್ಪತ್ತಾರು. ಹುಡುಗನಾಗಿದ್ದಾಗ ಅದರಲ್ಲಿ ನನಗೆ ಕೇಳಿಸಿದ್ದು ಗಂಟೆ, ಗಲ್ಲುಗಂಬ, ಕೊನೆಯ ಸೋಲೋ. ಸಾವು ಒಂದು ರಂಗಸಜ್ಜಿಕೆ. ನಮ್ಮವರು ಕೆಲವರು ಹೋದ ಮೇಲೆ ಅದೇ ಹಾಡಿನಲ್ಲಿ ಕೇಳಿಸುವುದು ಬೇರೆ. ಹೆದರಿಕೆಯಿಲ್ಲ ಎಂದುಕೊಂಡವನಿಗೇ ಕಣ್ಣೀರು ಯಾಕೆ ಎಂಬ ಅವನ ಗಲಿಬಿಲಿ, ಧೈರ್ಯ ತಂದುಕೊಳ್ಳುವುದು, ಕಳೆದುಕೊಳ್ಳುವುದು, ಮತ್ತೆ ತಂದುಕೊಳ್ಳುವುದು. ಸಾವಿನ ಬಗ್ಗೆ ಇಷ್ಟು ಹೊತ್ತು, ಇಷ್ಟು ನೇರವಾಗಿ ಮಾತಾಡುವ ಜನಪ್ರಿಯ ಸಂಗೀತ ಇನ್ನೊಂದಿಲ್ಲ. ಸಾವಿನ ಸುದ್ದಿ ದೂರವಿರುವ ವಯಸ್ಸಿನವರಿಗೆ ಅದನ್ನು ಬಿಟ್ಟುಕೊಟ್ಟು, ಹತ್ತಿರ ಬಂದಾಗ ನಾವು ಬೇರೆಯದಕ್ಕೆ ಹೋಗಬೇಕು ಎನ್ನುವುದು ನನಗಂತೂ ಅರ್ಥವಾಗದ ನ್ಯಾಯ.

ವೇಗ ಮತ್ತು ಭಾರ ಎಂದೆನಲ್ಲ, ಅದನ್ನು ಬಿಡಿಸಿ ಹೇಳಬೇಕು. ಇದಕ್ಕೆ ಮೆಟಲ್ ಹುಟ್ಟಿದ ಬಗೆಯನ್ನೇ ನೋಡಬೇಕು.

ಸಬ್ಬತ್‌ನ ಗಿಟಾರಿಸ್ಟ್ ಟೋನಿ ಅಯೋಮಿ 17 ವರ್ಷದವರಿದ್ದಾಗ ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಅಲ್ಲಿನ ಯಂತ್ರಕ್ಕೆ ಸಿಕ್ಕಿ ಬಲಗೈಯ ನಡುಬೆರಳು, ಉಂಗುರದ ಬೆರಳುಗಳ ತುದಿ ತುಂಡಾದವು. ಅವರು ಎಡಗೈ ವಾದಕ, ಹಾಗಾಗಿ ತಂತಿಯನ್ನು ಒತ್ತಿಹಿಡಿಯಬೇಕಾದ ಕೈ ಅದೇ. ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೋಪಿ ಮಾಡಿಕೊಂಡರು, ಅದರ ಮೇಲೆ ಚರ್ಮ ಅಂಟಿಸಿದರು, ತೆಳು ತಂತಿ ಹಾಕಿದರು. 1971ರ ‘ಮಾಸ್ಟರ್ ಆಫ್ ರಿಯಾಲಿಟಿ’ ಹೊತ್ತಿಗೆ ಗಿಟಾರಿನ ಶ್ರುತಿಯನ್ನೇ ಒಂದೂವರೆ ಸ್ವರ ಇಳಿಸಿಬಿಟ್ಟರು, ತಂತಿ ಸಡಿಲವಾದರೆ ಬೆರಳಿಗೆ ನೋವು ಕಡಿಮೆ. ಆ ಸಡಿಲ ತಂತಿಯಿಂದ ಹೊರಟ ಮಂದ್ರದ ಗುಡುಗೇ ಮುಂದೆ ಇಡೀ ಪ್ರಕಾರದ ಗುರುತಾಯಿತು. ಮೆಟಲ್‌ನ ಮೂಲ ಸದ್ದು ಯೌವನದ ಶಕ್ತಿಯಿಂದ ಹುಟ್ಟಿದ್ದಲ್ಲ. ಊನವಾದ ಕೈಯೊಂದು ತನ್ನ ಮಿತಿಯ ಜೊತೆ ಮಾಡಿಕೊಂಡ ಒಪ್ಪಂದದಿಂದ ಹುಟ್ಟಿದ್ದು.

ವೇಗ ಬಂದದ್ದು ಆಮೇಲೆ. ಎಪ್ಪತ್ತರ ದಶಕದ ಕೊನೆಗೆ ಮೋಟಾರ್‌ಹೆಡ್, ಎಂಬತ್ತರಲ್ಲಿ ಥ್ರ್ಯಾಶ್. 1986ರಲ್ಲಿ ಸ್ಲೇಯರ್‌ನ ‘ರೇನ್ ಇನ್ ಬ್ಲಡ್’ 10 ಹಾಡುಗಳನ್ನು ಸುಮಾರು 29 ನಿಮಿಷದಲ್ಲಿ ಮುಗಿಸಿತು. ಅದೇ ಮರದ ಇನ್ನೊಂದು ಕೊಂಬೆಯಲ್ಲಿ ಸ್ಲೀಪ್ ಎಂಬ ಬ್ಯಾಂಡಿನ ‘ಡೋಪ್‌ಸ್ಮೋಕರ್’ ಇದೆ, 2003ರಲ್ಲಿ ಪೂರ್ಣರೂಪದಲ್ಲಿ ಹೊರಬಂದದ್ದು. ಒಂದೇ ಹಾಡು, 63 ನಿಮಿಷ. ಹದಿನಾರರಲ್ಲಿ ಇದನ್ನು ಕೇಳಿಸಿದ್ದರೆ ‘ಶುರು ಯಾವಾಗ ಆಗುತ್ತೆ?’ ಎಂದು ಕೇಳುತ್ತಿದ್ದೆ. ಈಗ ಒಂದು ರಿಫ್ (ಮತ್ತೆಮತ್ತೆ ಬರುವ ಗಿಟಾರಿನ ತುಣುಕು) ಐದನೆಯ ಸಲ ಬರುವಾಗ ಡ್ರಮ್ಮರ್ ಎಲ್ಲಿ ಕೂದಲೆಳೆಯಷ್ಟು ಹಿಂದೆ ಬೀಳುತ್ತಾನೆ, ಆಂಪ್ಲಿಫೈಯರಿನಿಂದ ಹೊರಟ ಸ್ವರ ಹೇಗೆ ಸಾಯುತ್ತದೆ ಎಂದು ಕಾಯುವುದೇ ಸುಖ. ಮೆದುವಾದದ್ದು ಇಲ್ಲಿ ಏನೂ ಇಲ್ಲ. ಸದ್ದಿನ ತೂಕದಲ್ಲಿ ಥ್ರ್ಯಾಶ್‌ಗಿಂತ ಇದು ಹೆಚ್ಚೇ.

ವೇಗದ ಸಂಗೀತವನ್ನು ನಾವು ಬಿಟ್ಟುಬಿಡುತ್ತೇವೆ ಎಂದೂ ಅಲ್ಲ, ಅದನ್ನು ಕೇಳುವ ಬಗೆ ಬದಲಾಗುತ್ತದೆ. ನಿಮಿಷಕ್ಕೆ 200 ಬೀಟ್, ಒಂದೊಂದಕ್ಕೂ ನಾಲ್ಕು ಪೆಟ್ಟು ಎಂದರೆ ಸೆಕೆಂಡಿಗೆ 13ಕ್ಕೂ ಹೆಚ್ಚು. ಇಷ್ಟು ದಟ್ಟವಾದರೆ ಕಿವಿ ಎಣಿಕೆ ಬಿಟ್ಟು ಅದನ್ನು ಒಂದು ಎಡೆಬಿಡದ ಮೊರೆತವಾಗಿ ಕೇಳತೊಡಗುತ್ತದೆ. ತೊಂಬತ್ತರ ದಶಕದ ಆರಂಭದ ನಾರ್ವೆಯ ಬ್ಲ್ಯಾಕ್ ಮೆಟಲ್ ತೆಗೆದುಕೊಳ್ಳಿ. ಮೇಲೆ ಡ್ರಮ್ಮು, ಪಿಕ್ಕು ಹುಚ್ಚು ಓಟ ಓಡುತ್ತಿರುತ್ತವೆ. ಕೆಳಗೆ ಗಿಟಾರಿನ ಕಾರ್ಡುಗಳು (ಒಟ್ಟಿಗೆ ನುಡಿಸುವ ಸ್ವರಗುಚ್ಛಗಳು) ಮಾತ್ರ ಪ್ರಾರ್ಥನೆಯ ಹಾಗೆ ನಿಧಾನಕ್ಕೆ ಬದಲಾಗುತ್ತಿರುತ್ತವೆ. ಹುಡುಗರಿಗೆ ಮೇಲಿನ ಓಟ ಕೇಳಿಸುತ್ತದೆ, ವಯಸ್ಸಾದವರಿಗೆ ಕೆಳಗಿನ ನಡಿಗೆ. ಹಾಡು ಅದೇ.

ನುಡಿಸುವವರಿಗೂ ಇದೇ ಆಗಿದೆ. ಮೆಟಾಲಿಕಾ 1991ರ ಆಲ್ಬಮಿನಲ್ಲಿ ವೇಗ ತಗ್ಗಿಸಿದಾಗ ನಾಲ್ವರಿಗೂ ಇನ್ನೂ ಮೂವತ್ತು ತುಂಬಿರಲಿಲ್ಲ. ಮಾರಿಕೊಂಡರು ಎಂದು ಬೈದವರೇ ಹೆಚ್ಚು. ಆದರೆ ಆ ಆಲ್ಬಮಿನ ಅತಿ ಭಾರದ ಹಾಡಿಗೆ ಅವರು ಶ್ರುತಿಯನ್ನು ಒಂದು ಸ್ವರ ಕೆಳಕ್ಕಿಳಿಸಿದ್ದರು, ಅಯೋಮಿ ಹಿಡಿದ ದಾರಿಯೇ. ಮುಂದೆ ಸಂಗೀತ ಕಛೇರಿಗಳಲ್ಲೂ ಎಲ್ಲ ಹಾಡುಗಳನ್ನು ಅರ್ಧ ಸ್ವರ ಇಳಿಸಿ ನುಡಿಸತೊಡಗಿದರು. ಗಂಟಲಿಗೆ ಅನುಕೂಲ, ಸದ್ದಿಗೆ ತೂಕ. ಡೆತ್ ಬ್ಯಾಂಡಿನ ಚಕ್ ಶುಲ್ಡಿನರ್ ಇಪ್ಪತ್ತರ ಪ್ರಾಯದಲ್ಲಿ, 1987ರಲ್ಲಿ, ರಕ್ತಮಾಂಸದ ಭಯಾನಕ ಚಿತ್ರಗಳನ್ನು ಹಾಡುತ್ತಿದ್ದವರು. 1998ರ ಕೊನೆಯ ಆಲ್ಬಮ್ ಹೊತ್ತಿಗೆ ಮನುಷ್ಯರ ನಂಬಿಕೆ, ವಂಚನೆ, ಸಹನೆ ಇವುಗಳ ಬಗ್ಗೆ ಬರೆಯುತ್ತಿದ್ದರು. 2001ರಲ್ಲಿ ಮಿದುಳಿನ ಗಡ್ಡೆಯಿಂದ ಸತ್ತಾಗ 34 ವರ್ಷ. ನಡುವಯಸ್ಸಿನಲ್ಲಿ ಏನು ಮಾಡುತ್ತಿದ್ದರೋ ಎಂಬ ಕುತೂಹಲ ನನಗೆ ಇನ್ನೂ ಇದೆ.

ಮೆದುವಾಗುವುದೇ ನಿಯಮ ಎನ್ನುವವರಿಗೆ ನಾನು ತೋರಿಸುವುದು ಓಪೆತ್ ಬ್ಯಾಂಡನ್ನು. ಅದರ ಗಾಯಕ ಮಿಕಾಯೆಲ್ ಓಕರ್‌ಫೆಲ್ಟ್ 2011ರಲ್ಲಿ ಗ್ರೌಲ್ ಕೈಬಿಟ್ಟರು. ನಾಲ್ಕು ಆಲ್ಬಮ್‌ಗಳನ್ನು ಬರೀ ತಿಳಿದನಿಯಲ್ಲಿ, ಎಪ್ಪತ್ತರ ದಶಕದ ಪ್ರೊಗ್ರೆಸಿವ್ ರಾಕ್‌ನ ಧಾಟಿಯಲ್ಲಿ ಹಾಡಿದರು. ವಯಸ್ಸಾಯಿತು, ಇನ್ನು ಇಷ್ಟೇ ಎಂದು ಎಲ್ಲರೂ ಷರಾ ಬರೆದರು. 2024ರಲ್ಲಿ, 50ನೆಯ ವಯಸ್ಸಿಗೆ, ಗ್ರೌಲ್ ಮರಳಿ ಬಂತು. ಅದು ಹಳೆಯ ಸಿಟ್ಟಿನ ಗ್ರೌಲ್ ಅಲ್ಲ. ಒಂದು ಕುಟುಂಬದ ಉಯಿಲಿನ ಕಥೆ ಹೇಳುವ ಆ ಆಲ್ಬಮಿನಲ್ಲಿ ಗ್ರೌಲ್ ಒಂದು ಪಾತ್ರದ ದನಿಯಾಗಿ, ಬೇಕಾದ ಕಡೆಯಲ್ಲಷ್ಟೇ ಬರುತ್ತದೆ.

ಒಂದು ಜಾತಿಯ ಹಿರಿಯ ಕೇಳುಗರ ಮೇಲೆ ನನಗೆ ಅಷ್ಟು ಗೌರವ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ‘1991ರ ನಂತರ ಮೆಟಲ್ ಸತ್ತುಹೋಯಿತು, ಈಗಿನವರಲ್ಲಿ ದಮ್ಮಿಲ್ಲ’ ಎನ್ನುವವರು. ಹಾಲ್‌ಬ್ರೂಕ್-ಶಿಂಡ್ಲರ್ ಹೇಳಿದ 23-24ರಲ್ಲೇ ಇವರ ಗಡಿಯಾರ ನಿಂತಿದೆ. ಇದು ಅಭಿರುಚಿ ಮಾಗಿದ್ದಲ್ಲ, ಮುಚ್ಚಿಹೋದದ್ದು. ಬ್ಲಡ್ ಇನ್‌ಕ್ಯಾಂಟೇಶನ್ ಬ್ಯಾಂಡಿನ 2024ರ ‘ಅಬ್ಸಲ್ಯೂಟ್ ಎಲ್ಸ್‌ವೇರ್’ ಕೇಳಿ. 20 ನಿಮಿಷದ ಆಸುಪಾಸಿನ ಎರಡೇ ರಚನೆಗಳು, ಗ್ರೌಲ್ ತುಂಬಿದ ಡೆತ್ ಮೆಟಲ್ ಹೋಗಿ ಬಾಹ್ಯಾಕಾಶವನ್ನು ನೆನಪಿಸುವ ಸಿಂತಸೈಜರಿಗೆ ಇಳಿದು ಮತ್ತೆ ಗುದ್ದಿಕೊಂಡು ಬರುತ್ತದೆ. ನಲವತ್ತು ವರ್ಷದ ಕೇಳ್ಮೆ ಇದ್ದವರಿಗೇ ಇದರಲ್ಲಿ ಸಿಕ್ಕುವುದು ಹೆಚ್ಚು. ಅವರೇ ಕಿವಿ ಮುಚ್ಚಿಕೊಂಡರೆ ಹೇಗೆ?

ನನ್ನ ಮಾತು ಇಷ್ಟು. ಇನ್ನು ಪ್ರಶ್ನೆಗಳು.

ಹಿಂದಿನ ಸಾಲಿನಿಂದ ಒಬ್ಬ ಯುವತಿ ಕೇಳಿದರು: ‘ನನ್ನ ಅಪ್ಪನೇ ನನಗೆ ಮೆಟಲ್ ಹಿಡಿಸಿದ್ದು. ಆದರೆ ಈಗ ಅವರೇ ಕೇಳುವುದಿಲ್ಲ. ಯಾಕಿರಬಹುದು?’

ಎಷ್ಟೋ ಜನ ಬಿಡುವುದು ಸಂಗೀತವನ್ನಲ್ಲ, ಬಳಗವನ್ನು. ಹರೆಯದಲ್ಲಿ ಮೆಟಲ್ ಒಂದು ಗುರುತಿನ ಚೀಟಿ. ಕಪ್ಪು ಟಿ-ಶರ್ಟು, ಉದ್ದ ಕೂದಲು, ನಾಲ್ಕು ಜನ ಗೆಳೆಯರು. ಗೆಳೆಯರು ಚದುರಿದ ಮೇಲೆ ಅದೇ ಹಾಡು ಒಬ್ಬರೇ ಕೂತು ಕೇಳಿದರೆ ಸಪ್ಪೆ ಅನ್ನಿಸಬಹುದು. ಬಿಟ್ಟವರನ್ನು ಸೋತವರೆಂದು ನೋಡಬೇಡಿ. ಬಿಡದವರ ಬಗ್ಗೆ ಭಯವೂ ಬೇಡ. 2015ರಲ್ಲಿ ಟಾಷಾ ಹೋವ್ ಮತ್ತು ಸಂಗಡಿಗರು ಎಂಬತ್ತರ ದಶಕದ ಮೆಟಲ್ ಅಭಿಮಾನಿಗಳನ್ನು ಮೂರು ದಶಕಗಳ ನಂತರ ವಿಚಾರಿಸಿ ನೋಡಿದಾಗ, ಅವರು ತಮ್ಮ ಹರೆಯವನ್ನು ಹೆಚ್ಚು ಸಂತೋಷದಿಂದ ನೆನೆಯುತ್ತಿದ್ದರು, ಈಗಲೂ ನೆಟ್ಟಗೇ ಬದುಕುತ್ತಿದ್ದರು. ನಿಮಗೊಂದು ತಿರುಗುಪ್ರಶ್ನೆ: ಅಪ್ಪನೇ ಮೆಟಲ್ ಕೊಟ್ಟರೆ ಮಗಳು ಯಾವುದನ್ನು ಹಿಡಿದು ಅಪ್ಪನ ಎದುರು ನಿಲ್ಲಬೇಕು? (ಆಕೆ ತಕ್ಷಣ ‘ಕೆ-ಪಾಪ್’ ಎಂದರು. ಸಭೆ ನಕ್ಕಿತು.)

ಕಾಲೇಜು ಹುಡುಗನೊಬ್ಬ: ‘ನನಗೆ ಈಗಲೇ ಮೆಟಲ್ ಕಛೇರಿ ಮುಗಿದ ಮೇಲೆ ಕಿವಿಯಲ್ಲಿ ಗುಂಯ್‌ಗುಡುತ್ತದೆ. ಇದು ಮಾಮೂಲಾ?’

ಮಾಮೂಲು ಹೌದು, ಒಳ್ಳೆಯದಲ್ಲ. ಮೆಟಾಲಿಕಾದ ಲಾರ್ಸ್ ಉಲ್ರಿಕ್‌ಗೆ ಆ ಗುಂಯ್‌ಗುಡುವಿಕೆ ಹೋಗಲೇ ಇಲ್ಲ. ಅಮೆರಿಕದ ಔದ್ಯೋಗಿಕ ಆರೋಗ್ಯ ಸಂಸ್ಥೆಯ ಸೂತ್ರ ನೆನಪಿಟ್ಟುಕೊಳ್ಳಿ. 85 ಡೆಸಿಬೆಲ್ ಆದರೆ ದಿನಕ್ಕೆ 8 ತಾಸು. ಪ್ರತಿ 3 ಡೆಸಿಬೆಲ್ ಏರಿದಂತೆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. 100 ಡೆಸಿಬೆಲ್‌ಗೆ 15 ನಿಮಿಷ ಮಾತ್ರ, ಮೆಟಲ್ ಕಛೇರಿ ಅದನ್ನು ಸುಲಭವಾಗಿ ದಾಟುತ್ತದೆ. ಸಂಗೀತಗಾರರು ಬಳಸುವ ಇಯರ್‌ಪ್ಲಗ್ ಕೊಳ್ಳಿ. ಅವು ಎಲ್ಲ ದನಿಗಳನ್ನೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿ ತಗ್ಗಿಸುತ್ತವೆ, ಹತ್ತಿ ತುರುಕಿಕೊಂಡಂತೆ ಮಂಕಾಗುವುದಿಲ್ಲ.

ಕೊನೆಗೆ ಹಿರಿಯರೊಬ್ಬರು: ‘ನನಗೆ ಅರವತ್ತೆರಡು. ಇದನ್ನೆಲ್ಲ ಎಂದೂ ಕೇಳಿದವನಲ್ಲ. ಎಲ್ಲಿಂದ ಶುರು ಮಾಡಲಿ?’

ಸರ್, ನಿಮಗೆ ಹರೆಯದ ನೆನಪಿನ ಹಂಗಿಲ್ಲ, ಅದೊಂದು ಅನುಕೂಲ. ಥ್ರ್ಯಾಶ್‌ನಿಂದ ಶುರು ಮಾಡಬೇಡಿ. ಆಗ ಹೇಳಿದ ‘ಮಾಸ್ಟರ್ ಆಫ್ ರಿಯಾಲಿಟಿ’ ಕೇಳಿ, ಸುಮಾರು 34 ನಿಮಿಷ, ಮಧ್ಯೆ ಗಿಟಾರಿನ ಮೆಲುವಾದ ತುಣುಕುಗಳೂ ಇವೆ. ಹಿಡಿಸಿದರೆ ಕ್ಯಾಂಡಲ್‌ಮಾಸ್‌ನ 1986ರ ಮೊದಲ ಆಲ್ಬಮ್, ಅದರ ಗಾಯಕ ಯೋಹಾನ್ ಲೆಂಗ್‌ಕ್ವಿಸ್ಟ್ ಅವರದು ಆಪೆರಾದಂಥ ತುಂಬುಗಂಟಲು. ಮೂರು ದಶಕ ದೂರವಿದ್ದು ಮತ್ತೆ ಬಂದು ಅದೇ ಬ್ಯಾಂಡಿಗೆ 2019ರಲ್ಲಿ ಹಾಡಿದ್ದಾರೆ, ಎರಡನ್ನೂ ಅಕ್ಕಪಕ್ಕ ಕೇಳಿ. ಸೌಂಡ್ ತೀರಾ ಕಡಿಮೆ ಇಡಬೇಡಿ. ಸದ್ದು ತಗ್ಗಿದಂತೆ ನಮ್ಮ ಕಿವಿಗೆ ಮೊದಲು ಮಂದ್ರವೇ ಕಾಣೆಯಾಗುತ್ತದೆ, ಆಮೇಲೆ ಉಳಿಯುವುದು ಬರೀ ಕರಕರ. ಫೋನಿನ ಪುಟ್ಟ ಸ್ಪೀಕರಿನಲ್ಲಂತೂ ಬೇಡವೇ ಬೇಡ. ಅದರಲ್ಲಿ ಬಾಸ್ ಇರುವುದೇ ಇಲ್ಲ.